ತಲೆ ಸರಿಯಿದ್ದವರು

ಮೇಡಂ ತೀರಿಕೊಂಡ ಸುದ್ದಿ ನಮ್ಮ ಹಳೇ ಶಾಲೆಯ ಉಪಾಧ್ಯಾಯರ ಮೊಬೈಲ್ ಗುಂಪಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಮುಗಿದ ಕೈಗಳು, ಉರಿಯುವ ದೀಪಗಳು, ಬಿಳಿ ಹೂಗಳು ಒಂದರ ಹಿಂದೊಂದು ಬಂದವು. ನಡುವೆ ಗಣಿತದವರೊಬ್ಬರು ಬರೆದಿದ್ದರು: “ಒಳ್ಳೇ ಟೀಚರ್. ಕೊನೆಕೊನೆಗೆ ತಲೆ ಸ್ವಲ್ಪ ಒಂಥರಾ ಆಗಿತ್ತು, ಪಾಪ.”

ಅದಕ್ಕೆ ಎಷ್ಟೋ ಜನ ಹೆಬ್ಬೆರಳು ಎತ್ತಿದ್ದರು.

‘ಪಾಪ’ ಎಂಬ ಮಾತನ್ನು ಮೇಡಂನಷ್ಟು ದ್ವೇಷಿಸುತ್ತಿದ್ದ ಇನ್ನೊಬ್ಬರನ್ನು ನಾನು ಕಂಡಿಲ್ಲ. ‘ತಲೆ ಒಂಥರಾ’ ಎನ್ನಿಸಿಕೊಳ್ಳಲು ಒಪ್ಪದೆ ಕೆಲಸವನ್ನೇ ಕಳೆದುಕೊಂಡವರು ಅವರು. ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಅಲ್ಲಿ ಬರೆದರೆ ಎರಡು ಸಾಲಿನಲ್ಲಿ ಮುಗಿಸಬೇಕು, ಮುಗಿಸಿದ ಮೇಲೆ ಯಾರೋ ಒಬ್ಬರು ‘ಶುಭೋದಯ’ ಎಂದು ಸೂರ್ಯನ ಚಿತ್ರ ಹಾಕುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಸರ್ವಜ್ಞನಗರದ ಒಂದು ಖಾಸಗಿ ಶಾಲೆಯಲ್ಲಿದ್ದೆವು. ಸರ್ವಜ್ಞನಗರ ಬೋರ್ಡಿನ ಮೇಲಿನ ಹೆಸರು, ನಮ್ಮ ಬಾಯಲ್ಲಿ ಅದು ಕಾಕ್ಸ್‌ಟೌನೇ. ನನ್ನದು ಕನ್ನಡ, ಅವರದು ಚರಿತ್ರೆ. ಎತ್ತರದ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಆ ಶೂ ನೋಡಿ ಮೊದಲ ದಿನ ನಾನು ನಕ್ಕಿದ್ದೆ. “ನಗ್ರೀ, ಚಪ್ಪಲಿ ಹಾಕ್ಕೊಂಡು ಬಸ್ಸಿನ ಹಿಂದೆ ಓಡೋಕಾಗುತ್ತಾ?” ಎಂದರು. ಆಟೋದವರೊಂದಿಗೆ ತಮಿಳಿನಲ್ಲಿ, ಮಾಸ್ಕ್ ರಸ್ತೆಯ ಅಂಗಡಿಗಳಲ್ಲಿ ದಖನಿ ಉರ್ದುವಿನಲ್ಲಿ, ಹೆಡ್‌ಮಿಸ್ ಹತ್ತಿರ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ನಿಜವಾಗಿ ಕೋಪ ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು, ಅದೂ ಮೆಲ್ಲಗೆ. ಆ ಮೆಲುದನಿ ಕೇಳಿದರೆ ಎದುರಿನವರು ಕುರ್ಚಿ ಹಿಂದೆ ಸರಿಸಿಕೊಳ್ಳುತ್ತಿದ್ದರು.

ಮಕ್ಕಳು ಅವರನ್ನು ‘ಯಾರು ಮಿಸ್’ ಎನ್ನುತ್ತಿದ್ದರು. ಅದಕ್ಕೆ ಕಾರಣ ಅವರ ಕೆಂಪು ಪೆನ್ನು. ಕೆಲವು ಮಕ್ಕಳು ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ‘ರಾಜನನ್ನು ಕೊಲ್ಲಲಾಯಿತು’ ಎಂದು ಬರೆದರೆ ಪಕ್ಕದಲ್ಲಿ ‘ಯಾರು?’ ಎಂದು ಬೀಳುತ್ತಿತ್ತು. ‘ಜನರನ್ನು ಒಕ್ಕಲೆಬ್ಬಿಸಲಾಯಿತು’ ಎಂದರೆ ಮತ್ತೆ ‘ಯಾರು?’ ಒಮ್ಮೆ ಶಾಲೆಯ ನೋಟಿಸ್ ಬೋರ್ಡಿನಲ್ಲಿ ‘ಈ ವಾರದ ಆಟದ ಪಿರಿಯಡ್ ರದ್ದುಪಡಿಸಲಾಗಿದೆ’ ಎಂದು ಅಂಟಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೂ ಕೆಂಪು ‘ಯಾರು?’ ಬಿದ್ದಿತ್ತು.

“ಈ ‘ಲಾಯಿತು’ ಇದೆಯಲ್ಲ,” ಎಂದು ಸ್ಟಾಫ್‌ರೂಮಿನಲ್ಲಿ ನನ್ನನ್ನು ಹಿಡಿದು ಕೂರಿಸಿ ಹೇಳುತ್ತಿದ್ದರು, “ಇದು ಕಳ್ಳನಿಗೆ ಹಿತ್ತಲ ಬಾಗಿಲು ತೆಗೆದುಕೊಡೋ ಪ್ರತ್ಯಯ ಕಣ್ರೀ. ನಿಮ್ಮ ವ್ಯಾಕರಣದೋರು ಇದನ್ನ ಯಾಕೆ ಮಾಡಿಟ್ರು?”

“ಯಾರು ಮಾಡಿದ್ದು ಅಂತ ಗೊತ್ತಿಲ್ಲದೇ ಇದ್ದಾಗ ಬಳಸೋಕೆ ಮೇಡಂ.”

“ಗೊತ್ತಿಲ್ಲದೇ ಇದ್ರೆ ಗೊತ್ತಿಲ್ಲ ಅಂತ ಬರೀಲಿ. ಮರ್ಯಾದೆಯಾಗಿ.”

ಒಂಬತ್ತನೇ ತರಗತಿಗೆ ಅಮೆರಿಕದ ಗುಲಾಮಗಿರಿಯ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಡುತ್ತಿದ್ದರು. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಒಬ್ಬ ಮನುಷ್ಯನ ವಿಚಾರಣೆಯನ್ನು ಎರಡು ಪಿರಿಯಡ್ ಹೇಳುತ್ತಿದ್ದರು. ಅವರ ಬಾಯಲ್ಲಿ ಅವನು ‘ನಮ್ಮ ಗಡ್ಡದ ಮುದುಕ’. ಗುಲಾಮರನ್ನು ಬಿಡಿಸಬೇಕೆಂದು ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಸರ್ಕಾರದ ಆಯುಧಾಗಾರದ ಮೇಲೆಯೇ ಬಿದ್ದವನು. ಸೋತ. ಅವನ ಗಂಡುಮಕ್ಕಳಲ್ಲಿ ಇಬ್ಬರು ಸತ್ತರು, ಆ ಕಡೆಯವರೂ ಸತ್ತರು. ಗಾಯಗೊಂಡು ನಿಲ್ಲಲಾರದ ಅವನನ್ನು ಕೋರ್ಟಿಗೆ ತಂದು ಮಂಚದ ಮೇಲೆ ಮಲಗಿಸಿ ವಿಚಾರಣೆ ನಡೆಸಿದರು. ಅವನ ಜೀವ ಉಳಿಸಲು ವಕೀಲರಿಗೆ ಒಂದೇ ದಾರಿ ಕಂಡಿತು: ಇವನ ವಂಶದಲ್ಲಿ ಹುಚ್ಚು ಇದೆ, ಇವನಿಗೂ ಹುಚ್ಚು ಎನ್ನುವುದು. ಅದಕ್ಕೆ ಅವನು ಮಂಚದಿಂದ ತಲೆಯೆತ್ತಿ, ಆ ನೆಪ ತನಗೆ ಬೇಡ ಎಂದ. ಗಲ್ಲಿಗೆ ಹೋದ.

“ಅವನು ಸಾಧು ಅಲ್ಲ, ನೆನಪಿಟ್ಕೊಳ್ಳಿ,” ಎಂದು ಮಕ್ಕಳಿಗೆ ಹೇಳುತ್ತಿದ್ದರು. “ಕೈಗೆ ಆಯುಧ ತಗೊಂಡ, ರಕ್ತ ಹರೀತು. ಅದನ್ನೂ ಬರೀಬೇಕು. ಆದ್ರೆ ಹುಚ್ಚ ಅಲ್ಲ.”

ಒಂದು ವರ್ಷ ಹುಡುಗಿಯೊಬ್ಬಳು ಎದ್ದುನಿಂತು, “ಮಿಸ್, ನಮ್ಮ ಕಡೆ ಇದೆಲ್ಲ ಇರ್ಲಿಲ್ಲ ಅಲ್ವಾ?” ಎಂದು ಕೇಳಿದಳು.

ಮೇಡಂ ಸೀಮೆಸುಣ್ಣ ಕೆಳಗಿಟ್ಟು, “ನಮ್ಮ ಮನೇಲೇ ಇತ್ತು,” ಎಂದರು.

ಆ ದಿನ ತರಗತಿಯಲ್ಲಿ ಹೇಳಿದ್ದನ್ನು ಆಮೇಲೆ ನನಗೂ ಹೇಳಿದರು. ಅವರದು ಕೆ.ಆರ್. ಪುರಂ ಆಚೆಯ ಹಳ್ಳಿಯೊಂದರ ದೊಡ್ಡ ಒಕ್ಕಲುಮನೆ. ರಾಗಿ, ತರಕಾರಿ, ಹೂವು ಬೆಳೆಯುತ್ತಿದ್ದರು. ಅಜ್ಜನ ಕಾಲದಲ್ಲಿ ಮುನಿಯಪ್ಪ ಎಂಬಾತ ಜೀತಕ್ಕಿದ್ದ. ಚಿಕ್ಕ ವಯಸ್ಸಿಗೇ ಬಂದವನು, ದನದ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ. ಮನೆಯ ಪುಟ್ಟ ಮಕ್ಕಳೂ ಅವನನ್ನು “ಲೋ ಮುನಿಯ” ಎನ್ನುತ್ತಿದ್ದರು, ಮೇಡಂ ಕೂಡ. ಒಂದು ದಿನ ಅವನು ಹೊರಟುಹೋದ. ಅಜ್ಜ ಆಳುಗಳನ್ನು ಅಟ್ಟಿ ಹಗ್ಗ ಹಾಕಿ ಹಿಡಿದು ತರಿಸಿದ. ಊರ ಹಿರಿಯರು ಅರಳಿಕಟ್ಟೆಯ ಮೇಲೆ ಸೇರಿದರು. ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಟ್ಟೆ ತುಂಬ ಊಟ ಹಾಕುವ ಮನೆಯನ್ನು ಬಿಟ್ಟು ಓಡಿದ್ದಾನೆಂದರೆ ಇವನಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು. ಅವನ ತಲೆಗೆ ನಿಂಬೆಹಣ್ಣು ತಿಕ್ಕಿ, ಕೊಡಗಟ್ಟಲೆ ತಣ್ಣೀರು ಸುರಿದು, ಮತ್ತೆ ಕೊಟ್ಟಿಗೆಗೆ ಕಳಿಸಿದರು. ಆಗ ಮೇಡಂ ಒಂದನೆಯ ಕ್ಲಾಸೋ ಎರಡನೆಯದೋ. ನೀರು ಸುರಿಯುವಾಗ ಉಳಿದ ಮಕ್ಕಳ ಜೊತೆ ಚಪ್ಪಾಳೆ ತಟ್ಟಿದ್ದರಂತೆ.

“ಮುನಿಯಪ್ಪ ಆಮೇಲೆ ಏನಾದ್ರು?” ಎಂದು ಕೇಳಿದೆ.

“ಗೊತ್ತಿಲ್ಲ. ಆಮೇಲೊಂದಿನ ಮನೇಲಿ ಇರ್ಲಿಲ್ಲ. ಸತ್ತುಹೋದ ಅಂದ್ರು. ನಂಬಿದೆ.”

ಅದೇ ಶಾಲೆಯಲ್ಲಿ, ಅದೇ ತರಗತಿಯಲ್ಲಿ ಅವರ ತಮ್ಮನ ಮಗಳೂ ಓದುತ್ತಿದ್ದಳು. ಮುಗ್ಧೆ, ಸಂಜೆ ಮನೆಗೆ ಹೋಗಿ “ಅಪ್ಪಾ, ನಮ್ಮ ಮುತ್ತಾತ ಸ್ಲೇವ್ ಇಟ್ಕೊಂಡಿದ್ರಂತೆ” ಎಂದಳು. ಆ ತಮ್ಮನಿಗೆ ಮಾರತ್ತಹಳ್ಳಿಯ ಕಡೆ ಬಾಡಿಗೆ ಕಟ್ಟಡಗಳಿದ್ದವು, ಊರಿನಲ್ಲಿ ಹೆಸರಿತ್ತು. ಮೂರನೆಯ ದಿನಕ್ಕೆ ಇನ್ನಷ್ಟು ಪೋಷಕರನ್ನು ಜೊತೆಗೆ ಕಟ್ಟಿಕೊಂಡು ಶಾಲೆಗೆ ಬಂದ.

ಹೆಡ್‌ಮಿಸ್ ಕೋಣೆಯಲ್ಲಿ ಮಾತುಕತೆಯಾದಾಗ ಮೇಡಂ ಪರವಾಗಿ ಒಬ್ಬರು ಇರಲಿ ಎಂದು ನಾನೂ ಹೋದೆ. ಹೆಡ್‌ಮಿಸ್ ಕೆಟ್ಟವರಲ್ಲ. ಸಂಡೇ ಚರ್ಚಿನಿಂದ ಬಂದಷ್ಟೇ ಮೃದುವಾಗಿ ವಾರವಿಡೀ ಮಾತಾಡುವವರು. ಟೀ ತರಿಸಿದರು.

“ಲುಕ್ ಮಾ,” ಎಂದರು, “ಹಸ್ಬೆಂಡ್ ಹೋಗಿ ಇನ್ನೂ ಒಂದು ವರ್ಷ ಆಗಿಲ್ಲ ನಿಮ್ಗೆ. ಎಲ್ರಿಗೂ ಅರ್ಥ ಆಗತ್ತೆ. ನಮಗೆ ಗೊತ್ತಿರೋ ಡಾಕ್ಟರ್ ಇದಾರೆ, ಸ್ಟ್ರೆಸ್ ಅಂತ ಒಂದು ಚೀಟಿ ಕೊಡ್ತಾರೆ. ಟೂ ಮಂತ್ಸ್ ರೆಸ್ಟ್ ತಗೊಳ್ಳಿ. ಏನೋ ಡಿಸ್ಟರ್ಬ್ ಆಗಿತ್ತು, ಏನೇನೋ ಹೇಳ್ಬಿಟ್ಟೆ ಅಂತ ಪೇರೆಂಟ್ಸ್‌ಗೆ ಒಂದು ಮಾತು ಹೇಳಿ. ಅಷ್ಟೇ ಮಾ. ಫಿನಿಶ್.”

ನಾನು ನಡುವೆ ಬಾಯಿ ಹಾಕಿದೆ. “ಮೇಡಂ ಹೇಳಿದ್ದು ಸುಳ್ಳಾದ್ರೆ ಸುಳ್ಳು ಅಂತ ತೋರಿಸ್ಲಿ ಮಿಸ್. ಅದು ಬಿಟ್ಟು ಡಾಕ್ಟರ್ ಯಾಕೆ?” ಎಂದೆ. ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

ಮೇಡಂನ ತಮ್ಮ ಅಕ್ಕನ ಕಡೆ ವಾಲಿ, “ಅಕ್ಕ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಭಾವ ಹೋದ್ಮೇಲೆ ನೀನು ಒಂಥರಾ ಆಗಿದೀಯ,” ಎಂದ. ದನಿಯಲ್ಲಿ ಪ್ರೀತಿಯೂ ಇತ್ತು, ಅದನ್ನು ನಾನು ಇಲ್ಲವೆನ್ನಲಾರೆ.

ಮೇಡಂ ಕನ್ನಡಕ್ಕೆ ಇಳಿದರು. ಮೆಲ್ಲಗೆ.

“ತಾತನೂ ಹೀಗೇ ಅಂದಿದ್ದು ಕಣೋ. ಒಳ್ಳೇದಕ್ಕೇ.” ಆಮೇಲೆ ಹೆಡ್‌ಮಿಸ್ ಕಡೆ ತಿರುಗಿದರು. “ನಾನು ಹೇಳಿದ್ದು ಸುಳ್ಳು ಅನ್ಸಿದ್ರೆ ಈಗ್ಲೇ ಕೆಲಸದಿಂದ ತೆಗೀರಿ. ನಿಜ ಅನ್ಸಿದ್ರೂ ತೆಗೀರಿ, ನಿಮ್ಮ ಶಾಲೆ. ನನಗೆ ತಲೆ ಕೆಟ್ಟಿದೆ ಅಂತ ಬರೆದ್ಕೊಟ್ಟು ನಾನು ಈ ಶಾಲೆಯ ಕುರ್ಚೀಲಿ ಕೂರಲ್ಲ.”

“ರಿಟೈರ್ಮೆಂಟ್‌ಗೆ ಇನ್ನು ಸ್ವಲ್ಪವೇ ಇದೆ ಮಾ...”

“ಅಷ್ಟು ದಿನ ಕೂರೋದಕ್ಕೋಸ್ಕರ ಇಷ್ಟು ದಿನ ಕಲಿಸಿದ್ದನ್ನ ಅಳಿಸ್ಲಾ?”

ರಾಜೀನಾಮೆ ಕೊಡಿ ಎಂದರು. ಅದನ್ನೂ ಕೊಡಲಿಲ್ಲ. ಕೊನೆಗೆ ಆಡಳಿತ ಮಂಡಳಿಯಿಂದ ಕಾಗದ ಬಂತು, ‘ತಮ್ಮ ಸೇವೆಯನ್ನು ಕೊನೆಗೊಳಿಸಲಾಗಿದೆ’ ಎಂದು. ಕೆಂಪು ಪೆನ್ನಿನಲ್ಲಿ ಪಕ್ಕಕ್ಕೆ ‘ಯಾರು?’ ಎಂದು ಬರೆದು ಅದನ್ನು ಹಾಗೇ ವಾಪಸು ಕಳಿಸಿದರು. ಮಂಡಳಿಯವರು ಮುಖಮುಖ ನೋಡಿಕೊಂಡು ಇನ್ನೊಂದು ಕಾಗದ ಕಳಿಸಿದರು, ಈ ಸಲ ಎಲ್ಲರ ರುಜುವಿನೊಂದಿಗೆ. ಅದನ್ನು ಚೌಕಟ್ಟು ಹಾಕಿಸಿ ಮನೆಯ ಹಾಲಿನಲ್ಲಿ ನೇತುಹಾಕಿದರು. ಬಂದವರೆಲ್ಲ ಅದು ಯಾವುದೋ ಪ್ರಶಸ್ತಿ ಎಂದುಕೊಂಡು ಹತ್ತಿರ ಹೋಗಿ ಓದುತ್ತಿದ್ದರು.

ಮನೆ ಎಂದರೆ ಅದೇ ಬಡಾವಣೆಯಲ್ಲಿ, ಹಳೆಯ ಬಂಗಲೆಯೊಂದನ್ನು ಕೆಡವಿ ಕಟ್ಟಿದ ಫ್ಲಾಟು. ನಾನು ಶನಿವಾರ ಮಧ್ಯಾಹ್ನ ಬೇಕರಿಯಿಂದ ಪಫ್ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಕೆಲಸ ಹೋದ ಮೇಲೆ ಸೊರಗುತ್ತಾರೆಂದು ನಾನು ಹೆದರಿದ್ದೆ. ಒಂದು ಶನಿವಾರ ಹೋದಾಗ ಕಂಪ್ಯೂಟರ್ ಮುಂದೆ ಕೂತು ಹಲ್ಲು ಕಡಿಯುತ್ತಿದ್ದರು.

“ಬನ್ರೀ ಇಲ್ಲಿ. ನಿಮ್ಮ ಕನ್ನಡ ನೋಡಿ.”

ಅದು ಅಂತರ್ಜಾಲದ ವಿಶ್ವಕೋಶದ ಕನ್ನಡ ಪುಟ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ. ಗಡ್ಡದ ಮುದುಕನ ವಿಚಾರಣೆಯ ಬಗ್ಗೆ ಅಲ್ಲಿ ಇದ್ದದ್ದು ಇಷ್ಟೇ: ‘ಆತನನ್ನು ಬಂಧಿಸಲಾಯಿತು. ವಿಚಾರಣೆ ನಡೆಸಲಾಯಿತು. ಗಲ್ಲಿಗೇರಿಸಲಾಯಿತು. ಆತನು ಮಾನಸಿಕ ಅಸ್ವಸ್ಥನಾಗಿದ್ದನು.’

“ಮೂರು ಲಾಯಿತು,” ಎಂದರು ಮೇಡಂ, “ಆಮೇಲೆ ಒಂದೇ ಒಂದು ಕಡೆ ಗಂಡಸಿನ ಹಾಗೆ ನೇರವಾಗಿ ಹೇಳಿದಾರೆ, ಅದೂ ಸುಳ್ಳು.”

ಅವತ್ತಿನಿಂದ ಅದೇ ಕೆಲಸ. ಪುಸ್ತಕಗಳಿಗಾಗಿ ದಂಡಿನ ಲೈಬ್ರರಿಗಳನ್ನೆಲ್ಲ ಸುತ್ತಿದರು. ನಮ್ಮ ಕಡೆಯ ಹಳಬರಿಗೆ ಕಂಟೋನ್ಮೆಂಟು ಇಂದಿಗೂ ‘ದಂಡು’. ಇಂಗ್ಲಿಷಿನಿಂದ ಒಂದೊಂದು ವಾಕ್ಯ ತಂದು ನನ್ನ ಮುಂದಿಡುತ್ತಿದ್ದರು, ನಾನು ಕನ್ನಡ ಮಾಡುತ್ತಿದ್ದೆ, ಅವರು ಅದನ್ನು ಒಡೆದು ಮತ್ತೆ ಕಟ್ಟುತ್ತಿದ್ದರು. ‘ಗುಲಾಮರ ಮಾಲೀಕರು’ ಎಂದು ಬರೆದದ್ದಕ್ಕೆ ಒಂದು ಮಧ್ಯಾಹ್ನವೆಲ್ಲ ಜಗಳ.

“ಮಾಲೀಕರು ಅಂದ್ರೆ ನಾವೂ ಒಪ್ಕೊಂಡ ಹಾಗಾಯ್ತು. ಮನುಷ್ಯರಿಗೆ ಮಾಲೀಕ ಯಾವೋನ್ರೀ? ಗುಲಾಮರು ಅನ್ನೋದೂ ಬೇಡ, ‘ಗುಲಾಮಗಿರಿಯಲ್ಲಿ ಇರಿಸಲ್ಪಟ್ಟವರು’ ಅಂತ ಬರೀರಿ.”

“ಇರಿಸಲ್ಪಟ್ಟವರು? ಯಾರಿಂದ ಮೇಡಂ?”

ಒಂದು ಕ್ಷಣ ನನ್ನನ್ನೇ ದುರುಗುಟ್ಟಿ ನೋಡಿ, ಜೋರಾಗಿ ನಕ್ಕು, ಕೈಯಲ್ಲಿದ್ದ ಪಫ್ಫಿನ ಪುಡಿಯನ್ನೆಲ್ಲ ಕೀಬೋರ್ಡಿನ ಮೇಲೆ ಚೆಲ್ಲಿದರು.

ತೊಂದರೆ ಶುರುವಾದದ್ದು ಕೊನೆಯ ವಾಕ್ಯದಿಂದ. ಮೇಡಂ ‘ಮಾನಸಿಕ ಅಸ್ವಸ್ಥನಾಗಿದ್ದನು’ ಎಂಬುದನ್ನು ಅಳಿಸಿದರು. ಮರುದಿನ ಅದು ಮತ್ತೆ ಬಂದು ಕೂತಿತ್ತು. ‘ಗರುಡಗಂಬ’ ಎಂಬ ಗುಪ್ತನಾಮದ ಸಂಪಾದಕನೊಬ್ಬ ಅದನ್ನು ಮರಳಿ ಹಾಕಿದ್ದ. ಕಾರಣ ಬರೆಯುವಲ್ಲಿ, ‘ಆಧಾರವಿಲ್ಲದೆ ಮಾಹಿತಿ ಅಳಿಸಬೇಡಿ’ ಎಂದಿದ್ದ. ಮೇಡಂ ಮತ್ತೆ ಅಳಿಸಿದರು. ಅವನು ಮತ್ತೆ ಹಾಕಿದ. ಇದು ವಾರಗಟ್ಟಲೆ ನಡೆಯಿತು. ಪುಟಕ್ಕೆ ಒಂದು ಚರ್ಚೆಯ ವಿಭಾಗವಿರುತ್ತದೆ, ಅಲ್ಲಿ ಇಬ್ಬರೂ ವಾದಕ್ಕಿಳಿದರು. ಅವನು ನಿಯಮ ಹೇಳುತ್ತಿದ್ದ, ಇವರು ನ್ಯಾಯ ಹೇಳುತ್ತಿದ್ದರು. ಒಂದು ದಿನ ಮೇಡಂ ತಾಳ್ಮೆ ಕಳೆದುಕೊಂಡು ಬರೆದರು: ‘ಅನ್ನ ಹಾಕಿದವರ ವಿರುದ್ಧ ಎದ್ದವರೆಲ್ಲ ನಿಮಗೆ ಹುಚ್ಚರೇ. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಯಾರಿದ್ದರು ಸ್ವಾಮಿ?’

ವೈಯಕ್ತಿಕ ನಿಂದನೆ ಎಂದು ವಿಶ್ವಕೋಶದ ನಿರ್ವಾಹಕರು ಅವರನ್ನು ಒಂದು ವಾರ ಬರೆಯದಂತೆ ತಡೆಹಿಡಿದರು.

“ಶಾಲೆಯಿಂದ್ಲೂ ತೆಗೆದ್ರು, ಇಲ್ಲಿಂದ್ಲೂ ತೆಗೆದ್ರು,” ಎಂದು ನನಗೆ ಫೋನು ಮಾಡಿ ಹೇಳಿದಾಗ ದನಿಯಲ್ಲಿ ಬೇಸರ ಹುಡುಕಿದರೂ ಸಿಗಲಿಲ್ಲ. “ಆದ್ರೆ ಇಲ್ಲಿಯೋರು ವಾಸಿ ಕಣ್ರೀ. ಯಾರು ತೆಗೆದದ್ದು, ಯಾಕೆ ತೆಗೆದದ್ದು, ಎಲ್ಲ ಬರೆದಿದಾರೆ. ಯಾರು ಬೇಕಾದ್ರೂ ಓದ್ಬೋದು.”

ಆ ವಾರ ಅವರು ಸುಮ್ಮನೆ ಕೂರಲಿಲ್ಲ. ಅವನು ಕೇಳುತ್ತಿದ್ದ ಆಧಾರ ಕೊಡೋಣ ಎಂದು ವಿಚಾರಣೆಯ ವರದಿಗಳನ್ನು ಮೊದಲಿನಿಂದ ಓದಿದರು. ಓದುತ್ತಾ ಅವರಿಗೇ ಒಂದು ವಿಷಯ ಹೊಳೆಯಿತು. ಹುಚ್ಚಿನ ಮಾತನ್ನು ಅಳಿಸುವುದು ತಪ್ಪು. ಅದನ್ನು ಆಡಿದವರು ಇದ್ದರು, ಅವರಿಗೆ ಹೆಸರುಗಳಿದ್ದವು. ತಡೆ ಮುಗಿದ ದಿನ ಅವರು ಬರೆದ ವಾಕ್ಯ ನನಗೆ ಇನ್ನೂ ಬಾಯಿಪಾಠವಿದೆ: ‘ಆತನನ್ನು ಉಳಿಸಬಯಸಿದವರು ಆತನಿಗೆ ಹುಚ್ಚು ಎಂದರು, ಆತನನ್ನು ದ್ವೇಷಿಸಿದವರಲ್ಲೂ ಕೆಲವರು ಹಾಗೆಯೇ ಅಂದರು, ಆತನು ತುಂಬಿದ ನ್ಯಾಯಾಲಯದಲ್ಲಿ ಅದನ್ನು ನಿರಾಕರಿಸಿದನು.’ ಪ್ರತಿ ತುಣುಕಿಗೂ ಅಂದವರ ಹೆಸರು, ಪುಸ್ತಕ, ಪುಟ.

ಮರುದಿನ ಆ ವಾಕ್ಯ ಹಾಗೇ ಇತ್ತು. ಅದರ ಮರುದಿನವೂ ಇತ್ತು. ಚರ್ಚೆಯ ವಿಭಾಗದಲ್ಲಿ ಗರುಡಗಂಬ ಬರೆದಿದ್ದ: ‘ಈಗ ಸರಿ ಆತು. ಇಷ್ಟು ದಿನ ನಾ ಕೇಳಿದ್ದೂ ಇದನ್ನ.’

ಇಂದಿರಾನಗರದ ಒಂದು ಪುಟ್ಟ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಈ ಸಂಪಾದಕರು ಆಗಾಗ ಸೇರುತ್ತಿದ್ದರು. ಮೇಡಂ ನನ್ನನ್ನೂ ಎಳೆದುಕೊಂಡು ಹೋದರು. ಗರುಡಗಂಬ ಎಂದರೆ ನಾವು ಮೀಸೆ ತಿರುವಿದ ಯಾರನ್ನೋ ಊಹಿಸಿದ್ದೆವು. ಎದ್ದುಬಂದು ಕೈಮುಗಿದವನು ಕಲಬುರಗಿ ಕಡೆಯವನು, ನಲವತ್ತು ದಾಟಿದ ಸಣಕಲು ಮನುಷ್ಯ, ಮಾರತ್ತಹಳ್ಳಿಯ ಕಂಪನಿಯೊಂದರಲ್ಲಿ ಕೆಲಸ.

“ಮೇಡಂ, ನೀವಾ? ನಾ ಯಾರೋ ಹುಡುಗ್ರು ಅನ್ಕೊಂಡಿದ್ದೆ. ಅಷ್ಟು ಜಗಳ ಆಡ್ತಿದ್ರಿ.”

“ನಿಮ್ಮನ್ನ ನಾನು ಜಮೀನ್ದಾರ ಅನ್ಕೊಂಡಿದ್ದೆ.”

“ಏ ಎಲ್ಲಿ ತಂದ್ರಿ. ನಮ್ಮಪ್ಪ ಹಮಾಲಿ ಮಾಡಾವ್ರು.”

ಮೇಡಂ ಕಿವಿಯವರೆಗೂ ಕೆಂಪಾದರು. “ತಪ್ಪಾಯ್ತು,” ಎಂದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಂದಿನಿಂದ ಇಬ್ಬರೂ ದೋಸ್ತಿಗಳಾದರು, ಜಗಳ ಮಾತ್ರ ನಿಲ್ಲಲಿಲ್ಲ. ಮುಂದಿನ ಜಗಳ ಬಂದದ್ದು ಜೀತಪದ್ಧತಿಯ ಪುಟದ ಮೇಲೆ. ಮೇಡಂ ಅಲ್ಲಿ ಮುನಿಯಪ್ಪನ ಕತೆಯನ್ನು, ತಮ್ಮ ಅಜ್ಜನ ಹೆಸರು ಸಮೇತ ಬರೆದರು. ನಮ್ಮ ಗರುಡಗಂಬ, ಅಂದರೆ ಕಲಬುರಗಿಯವರು, ಅದನ್ನು ತೆಗೆದುಹಾಕಿದರು.

“ಅಚ್ಚಾಗಿದ್ದಕ್ಕ ಮಾತ್ರ ಇಲ್ಲಿ ಜಾಗ ಐತ್ರಿ ಮೇಡಂ. ಕಣ್ಣಾರೆ ಕಂಡದ್ದನ್ನ ಬರಿಯಾಂಗಿಲ್ಲ.”

“ಅಚ್ಚಾಗದೇ ಇದ್ರೆ ನಡೆದೇ ಇಲ್ಲ ಅಂತಾನಾ?”

“ಹಂಗಲ್ರೀ. ನಡೆದೈತಿ. ಆದ್ರ ನೀವು ಹೇಳಿದ್ರ ಅದು ಮನಿಯವ್ರ ಮಾತಾಗ್ತೈತಿ. ಅವ್ರ ಕಡಿಯವ್ರು ಯಾರಾದ್ರೂ ಅದಾರೇನು? ಅವ್ರ ಬಾಯಿಂದ ಬಂದ್ರ ರೆಕಾರ್ಡ್ ಮಾಡಿ ಇಡೂಣು.”

ಈ ಮಾತು ಮೇಡಂಗೆ ನಾಟಿತು. ಮುನಿಯಪ್ಪನಿಗೆ ‘ಕಡೆಯವರು’ ಇರಬಹುದೆಂದು ಅವರು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಕ್ಯಾನ್ವಾಸ್ ಶೂ ಕಟ್ಟಿಕೊಂಡು ಊರಿಗೆ ಹೋದರು. ಊರು ಈಗ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ನಾಲ್ಕು ಬೀದಿ. ಅಲ್ಲಿನ ಹಣ್ಣುಹಣ್ಣು ಮುದುಕಿಯೊಬ್ಬಳು, “ಸತ್ನಾ? ಯಾವನಮ್ಮಾ ಅಂದೋನು? ಓಡೋಗಿ ದಂಡು ಸೇರ್ಕಂಡ, ಶಿವಾಜಿನಗರದ ಮಾರ್ಕೆಟ್ಟಲ್ಲಿ ಮೂಟೆ ಹೊರ್ತಿದ್ದ,” ಎಂದಳು. ಮೇಡಂ ಮಾರ್ಕೆಟ್ಟಿಗೆ ಹೋಗಿ ತರಕಾರಿ ಸಾಲಿನ ಹಳಬರನ್ನು ತಮಿಳಿನಲ್ಲಿ, ದಖನಿಯಲ್ಲಿ ಕೇಳುತ್ತಾ ಅಲೆದರು. ಕೊನೆಗೆ ನಿಂಬೆಹಣ್ಣು ಮಾರುವ ಸಾಹೇಬರೊಬ್ಬರು ಹಲಸೂರಿನ ಒಂದು ಟೈಲರ್ ಅಂಗಡಿಯ ಗುರುತು ಹೇಳಿದರು.

ಅಂಗಡಿಯಾಕೆ ರತ್ನಮ್ಮ, ಮುನಿಯಪ್ಪನವರ ಮಗಳು. ಐವತ್ತರ ಹೆಂಗಸು. ನಾವು ಹೋದಾಗ ಶಾಲೆಯ ಯೂನಿಫಾರಂ ರಾಶಿ ಮುಂದಿಟ್ಟುಕೊಂಡು ಗುಂಡಿಗಳಿಗೆ ಕಾಜ ಹಾಕುತ್ತಿದ್ದರು. ಮೇಡಂ ತಾವು ಯಾರ ಮೊಮ್ಮಗಳು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರು. ರತ್ನಮ್ಮ ಸೂಜಿ ನಿಲ್ಲಿಸಲಿಲ್ಲ.

“ಕೂತ್ಕೊಳ್ಳಿ,” ಎಂದರು. “ನಮ್ಮಪ್ಪ ಇದ್ದಿದ್ರೆ ಕೂರಿಸ್ತಿರ್ಲಿಲ್ಲ. ನಾನು ಕೂರಿಸ್ತೀನಿ.”

ಮೇಡಂ ಕೂತರು. ಏನು ಹೇಳಬೇಕೆಂದು ತೋಚದೆ, ಜೊತೆಗೆ ತಂದಿದ್ದ ಆ ವಿಶ್ವಕೋಶದ ಪುಟದ ಪ್ರತಿಯನ್ನು ತೆಗೆದು ಗಡ್ಡದ ಮುದುಕನ ವಿಚಾರಣೆಯನ್ನು ಓದತೊಡಗಿದರು. ತರಗತಿಯಲ್ಲಿ ಗುಡುಗುತ್ತಿದ್ದವರು ಅಂದು ಹಾಳೆಯಿಂದ ಕಣ್ಣೆತ್ತದೆ ಓದಿದರು. ರತ್ನಮ್ಮ ಕಾಜ ಹಾಕುತ್ತಲೇ ಕೇಳಿದರು.

“ಅವನಿಗೆ ಮಾತಾಡೋಕೆ ಬಿಟ್ರಾ?” ಎಂದರು ಕೊನೆಗೆ.

“ಬಿಟ್ರು. ಶಿಕ್ಷೆ ಕೊಡೋಕೆ ಮುಂಚೆ ಏನಾದ್ರೂ ಹೇಳೋದಿದ್ಯಾ ಅಂತ ಕೇಳಿದ್ರು.”

“ನಮ್ಮಪ್ಪನ್ನ ಯಾರೂ ಕೇಳ್ಲಿಲ್ಲ. ಆದ್ರೂ ಹೇಳ್ಕೊಂಡೇ ಇದ್ರು, ಸಾಯೋ ತನಕ. ಮಾರ್ಕೆಟ್ಟಿಗೆಲ್ಲ ಗೊತ್ತು.” ಈಗ ಸೂಜಿ ನಿಂತಿತು. “ಎರಡನೇ ಸಲ ಅವರು ಓಡಿ ಹೋಗ್ಲಿಲ್ಲ, ತಿಳ್ಕೊಳ್ಳಿ. ಹಾಡಹಗಲು, ನಿಮ್ಮ ಮನೆ ಗಾಡೀಲೇ ತರಕಾರಿ ತುಂಬ್ಕೊಂಡು ದಂಡಿಗೆ ಬಂದ್ರು. ಎಲ್ಲ ಇಳಿಸಿ ಆದ್ಮೇಲೆ ಗಾಡಿ ಹತ್ಲಿಲ್ಲ. ಅಷ್ಟೇ. ವಾರ ಬಿಟ್ಟು ನಿಮ್ಮ ತಾತನ ಆಳುಗಳು ಬಂದು, ‘ಲೋ ಹುಚ್ಚ, ಬಾರೋ’ ಅಂದ್ರಂತೆ. ಅಪ್ಪ ಮಾರ್ಕೆಟ್ಟಿನ ನಡೂಮಧ್ಯ ನಿಂತು, ‘ಆ ಮನೇಲಿ ತಲೆ ಸರಿ ಇದ್ದೋನು ನಾನೊಬ್ಬನೇ, ಅದಕ್ಕೇ ಬಂದೆ’ ಅಂತ ಕಿರುಚಿದ್ರಂತೆ. ಸುತ್ತ ಇದ್ದ ಕೂಲಿಯೋರೆಲ್ಲ ನಗಾಡಿ ಆಳುಗಳ್ನ ಓಡಿಸಿದ್ರು.”

ಮೇಡಂ ಮೊದಲು ನಕ್ಕರು. ಆ ನಗು ಎಲ್ಲೋ ಅರ್ಧದಲ್ಲಿ ಬೇರೆ ಏನೋ ಆಗಿ, ಸೆರಗಿನಿಂದ ಮುಖ ಮುಚ್ಚಿಕೊಂಡರು. ರತ್ನಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ಒಂದು ಲೋಟ ನೀರು ತಂದು ಮುಂದಿಟ್ಟರು.

“ಇದನ್ನ ನಾನು ಎಲ್ರಿಗೂ ಹೇಳ್ಬೇಕು,” ಎಂದರು ಮೇಡಂ, ಸ್ವಲ್ಪ ಸುಧಾರಿಸಿಕೊಂಡು.

“ನೀವ್ಯಾಕೆ ಹೇಳ್ತೀರಾ?” ಎಂದರು ರತ್ನಮ್ಮ. “ನಮ್ಮಪ್ಪನ ವಿಷ್ಯ. ನಾನೇ ಹೇಳ್ತೀನಿ. ನೀವು ಜಾಗ ನೋಡಿ.”

ಜಾಗವನ್ನು ಕಲಬುರಗಿಯವರು ನೋಡಿದರು, ಅದೇ ಇಂದಿರಾನಗರದ ಗ್ರಂಥಾಲಯದ ಹಾಲ್. ಮಾತನ್ನು ರೆಕಾರ್ಡ್ ಮಾಡಿ ಯಾರು ಬೇಕಾದರೂ ಕೇಳುವಂತೆ ಇಡುವುದೆಂದು ಮಾತಾಯಿತು. ವಿಷಯ ಮೊಬೈಲಿನಲ್ಲಿ ಹರಿದಾಡಿತು. ಅಂದು ಬಂದವರು ಹೆಚ್ಚೇನಿಲ್ಲ: ಸಂಪಾದಕರ ಬಳಗ, ಮೇಡಂನ ಹಳೆಯ ವಿದ್ಯಾರ್ಥಿಗಳು, ಹಲಸೂರಿನಿಂದ ರತ್ನಮ್ಮನ ಓಣಿಯವರು, ಮಾರ್ಕೆಟ್ಟಿನಿಂದ ಆ ನಿಂಬೆಹಣ್ಣಿನ ಸಾಹೇಬರು. ರತ್ನಮ್ಮ ನೀಲಿ ರೇಷ್ಮೆ ಸೀರೆ ಉಟ್ಟು ಬಂದು, ಮೈಕನ್ನು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡು ಕೂತರು. ಮೇಡಂ ವೇದಿಕೆ ಹತ್ತಲಿಲ್ಲ, ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತರು. ಜೀವಮಾನವಿಡೀ ನಿಂತು ಮಾತಾಡಿದವರು ಕೈಕಟ್ಟಿ ಕೂತು ಕೇಳುವುದನ್ನು ನಾನು ಅಂದು ನೋಡಿದೆ.

ಮಾತು ಅರ್ಧ ದಾಟಿರಬೇಕು, ಬಾಗಿಲು ತಳ್ಳಿಕೊಂಡು ಮೇಡಂನ ತಮ್ಮ ಬಂದ. ಹಿಂದೆ ಇಬ್ಬರು ಗಟ್ಟಿ ಆಳುಗಳು. ರತ್ನಮ್ಮ ಮಾತು ನಿಲ್ಲಿಸಿದರು. ಹಾಲಿನ ತಲೆಗಳೆಲ್ಲ ಹಿಂದೆ ತಿರುಗಿದವು.

“ಅಕ್ಕ, ಸಾಕು ಎದ್ದೇಳು,” ಎಂದ. “ಮನೆಗೆ ಹೋಗೋಣ. ಊರೆಲ್ಲ ನಗ್ತಿದೆ. ತಾತ ಸತ್ತು ಎಷ್ಟು ಕಾಲ ಆಯ್ತು, ಈಗ ಯಾಕೆ ಇದೆಲ್ಲ?”

ಮೇಡಂ ಎದ್ದು ಅವನೆದುರು ಹೋಗಿ ನಿಂತರು. ಆಗಲೇ ಕಾಯಿಲೆ ಅವರನ್ನು ಹಿಡಿದಿತ್ತು, ಸೀರೆ ಮೈಮೇಲೆ ಸಡಿಲವಾಗಿ ಜೋಲುತ್ತಿತ್ತು. ಆದರೂ ತಮ್ಮನಿಗಿಂತ ಒಂದು ಕೈ ಎತ್ತರವೇ ಕಂಡರು.

“ಅವರು ಮಾತಾಡ್ತಿದಾರೆ,” ಎಂದರು ಮೆಲ್ಲಗೆ. “ಕೂರೋದಾದ್ರೆ ಕೂತ್ಕೋ. ನಿಂತ್ಕೊಳ್ಳೋದಾದ್ರೆ ನಿಂತ್ಕೋ. ನನ್ನನ್ನ ಎತ್ಕೊಂಡು ಹೋಗೋದಾದ್ರೆ ಎತ್ಕೊಂಡು ಹೋಗು, ಎಲ್ರೂ ನೋಡ್ಲಿ. ಅವರ ಮಾತು ಮಾತ್ರ ನಿಲ್ಲಲ್ಲ.”

ಜೊತೆಯ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಂಬೆಹಣ್ಣಿನ ಸಾಹೇಬರು ತಮ್ಮ ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟು, “ಬೈಠೋ ಭಾಯಿ,” ಎಂದರು. ಮೇಡಂನ ತಮ್ಮ ಆ ಕುರ್ಚಿಯನ್ನೂ ಅಕ್ಕನನ್ನೂ ನೋಡಿದ. ಆಮೇಲೆ, ಯಾರೋ ಹೆಗಲು ಒತ್ತಿ ಕೂರಿಸಿದವರ ಹಾಗೆ, ಕೂತ.

ಮೇಡಂ ತಮ್ಮ ಜಾಗಕ್ಕೆ ಮರಳಿದರು. ಕಲಬುರಗಿಯವರು, ನಿಲ್ಲಿಸಿದ ಕಡೆಯಿಂದ ಮುಂದುವರಿಸಿ ಎಂದು ರತ್ನಮ್ಮನಿಗೆ ಸನ್ನೆ ಮಾಡಿದರು.

ರತ್ನಮ್ಮ ತಲೆ ಅಡ್ಡಡ್ಡ ಆಡಿಸಿದರು. ಸೆರಗು ಸರಿಪಡಿಸಿಕೊಂಡು, ಹಿಂದಿನ ಸಾಲಿನ ಆ ಕುರ್ಚಿಯ ಕಡೆ ನೇರವಾಗಿ ನೋಡಿ, “ಇಲ್ಲ, ಮೊದಲಿಂದ ಹೇಳ್ತೀನಿ. ಇವರು ಈಗ ತಾನೇ ಬಂದ್ರು,” ಎಂದರು.